ಕೊಪ್ಪೆಜ್ಜನ ಹೆಗಲ ಮರಿ

ಜೋಗಿಮಟ್ಟಿ ಕಾಡಿನ ಕೊಪ್ಪೆಜ್ಜನ ವಿಷಯದಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳು ಎಂದೂ ಒಮ್ಮತಕ್ಕೆ ಬಂದದ್ದಿಲ್ಲ. ಹೊಸದುರ್ಗದವರ ಪ್ರಕಾರ ಅವನು ತೆಂಗಿನ ಮರದೆತ್ತರ. ಹೊಳಲ್ಕೆರೆಯವರ ಪ್ರಕಾರ ಕುಳ್ಳ, ಮೇಲಾಗಿ ಎಡಗಾಲು ಕುಂಟು. ಹಿರಿಯೂರಿನವರು ಅದೆಲ್ಲ ಬುರುಡೆ ಎನ್ನುತ್ತಾರೆ. ಆದರೆ ಹೊತ್ತು ಮುಳುಗಿದ ಮೇಲೆ ಆ ಕಡೆ ಹೋಗಬೇಡಿ ಎಂದೂ ಹೇಳಿ ಕಳಿಸುತ್ತಾರೆ. ಚಿತ್ರದುರ್ಗದವರು ವಾದಕ್ಕೇ ಇಳಿಯುವುದಿಲ್ಲ. ಕಾಡು ನಮ್ಮದು, ಅಜ್ಜ ನಮ್ಮವನು, ಪಕ್ಕದ ತಾಲ್ಲೂಕಿನವರು ಬಂದು ಅವನ ಎತ್ತರ ಅಳೆಯುವ ಅಗತ್ಯವೇನು ಎಂಬುದು ಅವರ ನಿಲುವು.

ಕತೆ ಇಷ್ಟೇ. ಹಿಂದೆ ಯಾವಾಗಲೋ ಒಬ್ಬ ಕುರಿಗಾಹಿ, ಕಳೆದುಹೋದ ಮರಿಯನ್ನು ಹುಡುಕಿಕೊಂಡು ಮಳೆಯಲ್ಲಿ ಕಾಡು ಹೊಕ್ಕ. ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟ ಕೊಪ್ಪೆ ಹಾಕಿಕೊಂಡಿದ್ದ. ಮರಿ ಸಿಕ್ಕಿತು, ದಾರಿ ಸಿಗಲಿಲ್ಲ. ಅಂದಿನಿಂದ ಮರಿಯನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಲೇ ಇದ್ದಾನೆ. ಈಗ ಅವನು ಪೂರಾ ಮನುಷ್ಯನೂ ಅಲ್ಲ, ಪೂರಾ ಮೃಗವೂ ಅಲ್ಲ. ಮೈತುಂಬ ಕೂದಲು ಬೆಳೆದು, ಕಂಬಳಿ ಎಲ್ಲಿ ಮುಗಿಯಿತು ಚರ್ಮ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಯಾರಿಗೂ ಕೇಡು ಮಾಡಿದವನಲ್ಲ. ಊಟ ಮಾಡದ ಮಕ್ಕಳನ್ನು ಮಾತ್ರ ಒಯ್ಯುತ್ತಾನೆ, ಅದೂ ತಾಯಂದಿರು ಕರೆದರೆ.

ಈ ಅಜ್ಜನ ಬದ್ಧ ವಿರೋಧಿ ಸಂತೆಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಹಜರತ್ ಅಲಿ. ಅಲಿಯ ಮನೆತನ ಪಾಳೇಗಾರರ ಕಾಲದಿಂದ ದುರ್ಗದಲ್ಲಿದೆ. ಮೊದಲು ಬೀಗ ಮಾಡುತ್ತಿದ್ದರು, ಆಮೇಲೆ ಗಡಿಯಾರ ರಿಪೇರಿ, ಈಗ ಕನ್ನಡಕ. ಮೂವತ್ತೆರಡು ವರ್ಷಗಳಲ್ಲಿ ಅರ್ಧ ಜಿಲ್ಲೆಯ ಕಣ್ಣು ನೋಡಿದವನು ಅಲಿ. ಆದ್ದರಿಂದ ಅರ್ಧ ಜಿಲ್ಲೆಯ ದೆವ್ವಗಳನ್ನು ಓಡಿಸಿದವನು. ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಒಂಟಿಗಣ್ಣಿನ ಭೂತವೆಂದರೆ ಒಂದು ಹೆಡ್‌ಲೈಟ್ ಹೋದ ಬಸ್ಸು, ಕಂಡವನ ಕಣ್ಣಿನ ಪಾಯಿಂಟ್ ಮೈನಸ್ ಎರಡೂವರೆ ಎಂದು ತೋರಿಸಿಕೊಟ್ಟಿದ್ದ. ಸಿರಿಗೆರೆಯ ಕಡೆಯ ಮೇಷ್ಟರೊಬ್ಬರಿಗೆ ಹುಣ್ಣಿಮೆಯ ದಿನ ಎರಡು ಚಂದ್ರ ಕಂಡಾಗ, ಜನ ಊದುಬತ್ತಿ ಹಿಡಿದು ಬರುವ ಮೊದಲೇ ಅವರನ್ನು ಪೊರೆ ತೆಗೆಸಲು ಕಳಿಸಿದ್ದ. "ನನ್ನ ಅಂಗಡೀಲಿ ಕನ್ನಡಕ ಹಾಕ್ಕಂಡು ಹೋದೋರು ಯಾರೂ ತಿರುಗಾ ಬಂದು ದೆವ್ವ ಕಂಡೆ ಅಂದಿಲ್ಲ," ಎಂಬುದು ಅವನ ಹೆಮ್ಮೆಯ ಮಾತು. ಅವನ ಸ್ವಂತ ಪಾಯಿಂಟ್ ಮೈನಸ್ ಆರು. ಕನ್ನಡಕ ತೆಗೆದರೆ ಎದುರಿಗೆ ಕೂತ ಗಿರಾಕಿ ಗಂಡೋ ಹೆಣ್ಣೋ ಎಂದು ತಿಳಿಯುವುದು ಸ್ವರದಿಂದ. ಇದನ್ನು ಅವನು ಯಾರಿಗೂ ಹೇಳಿಲ್ಲ, ಎಲ್ಲರಿಗೂ ಗೊತ್ತು.

ಅಂಥವನ ಅಂಗಡಿಗೆ ಒಂದು ಬುಧವಾರ ಬೆಳಿಗ್ಗೆ ಮದಕರಿಪುರದ ಹತ್ತಿರದ ಹಟ್ಟಿಯಿಂದ ದೊಡ್ಡತಿಮ್ಮಪ್ಪನನ್ನು ಕರೆತಂದರು. ಕೊಪ್ಪೆಜ್ಜನನ್ನು ಕಣ್ಣಾರೆ ಕಂಡವನು.

ಬರೀ ಕಂಡಿದ್ದರೆ ಯಾರೂ ಅವನನ್ನು ಪರೀಕ್ಷೆಗೆ ತರುತ್ತಿರಲಿಲ್ಲ. ದೊಡ್ಡತಿಮ್ಮಪ್ಪ ಹಟ್ಟಿಯ ಕುರಿ ಬಿಡಿಸುವವನು. ದೀಪಾವಳಿ ಕಳೆದ ಮೇಲೆ ಹಟ್ಟಿಯ ಎಲ್ಲ ಮನೆಗಳ ಕುರಿಗಳೂ ಒಂದೇ ಮಂದೆಯಾಗಿ ಗದ್ದೆ ಬಯಲಿನ ಸೀಮೆಗೆ ಮೇಯಲು ಹೋಗುತ್ತವೆ. ಮುಂಗಾರಿನ ಮೊದಲ ಹನಿಗೆ ತಿರುಗಿ ಬರುತ್ತವೆ. ಬಂದ ದಿನ ಯಾವ ಕುರಿ ಯಾರ ಮನೆಯದೆಂದು ಬೇರೆ ಮಾಡಬೇಕು. ಹಟ್ಟಿಯಲ್ಲಿ ಕುರಿ ಎಣಿಸುವ ಪದ್ಧತಿ ಇಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬುದು ಅಲ್ಲಿನ ಗಣಿತ. ಹಾಗಾಗಿ ಮಂದೆ ಒಂದೊಂದಾಗಿ ಬೇಲಿಯ ಕಿಂಡಿ ದಾಟುವಾಗ ದೊಡ್ಡತಿಮ್ಮಪ್ಪ ಬಿದಿರ ಕೋಲು ಹಿಡಿದು ನಿಲ್ಲುತ್ತಾನೆ, ಮುಖ ನೋಡುತ್ತಾನೆ, ಕೋಲಿನಿಂದ ಎಡಕ್ಕೋ ಬಲಕ್ಕೋ ತೋರಿಸಿ ಮನೆಯ ಹೆಸರು ಹೇಳುತ್ತಾನೆ. ಆರೇಳು ತಿಂಗಳು ಕಾಣದ ಮುಖಗಳು. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಅವನ ಮಾತಿಗೆ ಎರಡನೇ ಮಾತು ಬಂದಿರಲಿಲ್ಲ. ಹಟ್ಟಿಯಲ್ಲಿ ಅವನಿಗಿದ್ದ ಆಸ್ತಿಯೆಂದರೆ ಆ ಕೋಲು.

ಈ ವರ್ಷ ಮಂದೆ ಬರಲು ಒಂದು ವಾರವಿರುವಾಗ ಒಂದು ಮುಂಜಾನೆ, ತಪ್ಪಿಸಿಕೊಂಡ ಮನೆಯ ಮೇಕೆಯೊಂದನ್ನು ಹುಡುಕುತ್ತ ಗುಡ್ಡ ಹತ್ತಿದವನು ಬರಿಗೈಯಲ್ಲಿ ವಾಪಸು ಬಂದ. ಅಜ್ಜನನ್ನು ಕಂಡವರು ಮುಖ ತೊಳೆದು, ಹಟ್ಟಿಯ ಕಟ್ಟೆ ಹತ್ತಿ, ತಾವೇ ಹೇಳಬೇಕೆಂಬ ವಾಡಿಕೆ ಇದೆ. ಹತ್ತಿದ. "ಹಳ್ಳದಾಚೆ ನಿಂತಿದ್ದ. ಹೆಗಲ ಮ್ಯಾಲೆ ಮರಿ ಇತ್ತು. ಕೈಯಾಗೆ ಕೋಲಿತ್ತು. ನಾನ್ ಅವ್ನ ನೋಡ್ದೆ, ಅವ್ನ್ ನನ್ನ ನೋಡ್ದ. ಹೋದ," ಎಂದ. ಇಳಿದ.

ಹಿರಿಯರು ಕೈಮುಗಿದರು. ಓಬಳೇಶ ಮುಗಿಯಲಿಲ್ಲ. ಅವನು ದೊಡ್ಡತಿಮ್ಮಪ್ಪನ ತಂಗಿಯ ಮಗ, ಕುರಿ ಸಂಘದ ಕಾರ್ಯದರ್ಶಿ. ಕಳೆದ ವರ್ಷವೇ ಹಟ್ಟಿಯ ಕುರಿಗಳ ಕಿವಿಗೆಲ್ಲ ನಂಬರಿನ ಹಳದಿ ಬಿಲ್ಲೆ ಹೊಡೆಸಿದ್ದ; ಯಾರೂ ಅವನ್ನು ನೋಡದೆ ಮಾವನ ಕೋಲನ್ನೇ ನೋಡುತ್ತಿದ್ದರೆಂಬ ಬೇಸರ ಅವನಿಗಿತ್ತು.

"ಮಾವ, ಇಲ್ಲದ್ದು ಕಂಡ ಕಣ್ಣು ನಾಳೆ ಇರೋದ್ನ ಕಂಡೀತಾ? ನಿಂಗೆ ವಯಸ್ಸಾತು. ಈ ಸಲ ಬಿಲ್ಲೆ ನೋಡಿ ಬಿಡಿಸಾಣ."

"ನನ್ನ ಕಣ್ಣಿಗೇನ್ ಬಂದೈತಲೇ?"

"ಅದ್ನೇ ಕೇಳಾಣ. ಸಂತೆಪೇಟೆ ಅಲಿ ಸಾಬ್ರು ಐದಾರಲ್ಲ."

ಕಟ್ಟೆಯ ತೀರ್ಮಾನ ಸರಳವಾಗಿತ್ತು. ಕಣ್ಣು ಸರಿ ಇದ್ದರೆ ಶುಕ್ರವಾರ ಮಂದೆ ಬಂದಾಗ ಕೋಲು ದೊಡ್ಡತಿಮ್ಮಪ್ಪನದು. ಸರಿ ಇಲ್ಲದಿದ್ದರೆ ಇನ್ನು ಮುಂದೆ ಓಬಳೇಶನ ಬಿಲ್ಲೆ.

ಅಲಿಗೆ ಆ ಬುಧವಾರ ಹಬ್ಬ. ಮೂವತ್ತೆರಡು ವರ್ಷ ಕಾದ ಮೇಲೆ ಕೊಪ್ಪೆಜ್ಜನನ್ನು ಕಂಡ ಒಂದು ಜೊತೆ ಕಣ್ಣು ಅವನ ಸ್ಟೂಲಿನ ಮೇಲೆ ಬಂದು ಕೂತಿದೆ. ಅಂಗಡಿಯ ಬೆಂಚಿನಲ್ಲಿ ಓಬಳೇಶ, ಪಕ್ಕದಲ್ಲಿ ದೊಡ್ಡತಿಮ್ಮಪ್ಪನ ಹೆಂಡತಿ ಚಂದ್ರಕ್ಕ. ಗಾಜುಗಳ ಪೆಟ್ಟಿಗೆ ಹಿಡಿದು ಅಲಿಯ ಮಗಳು ಮಾಹೀರಾ.

"ಕುಂತ್ಕಳ್ರಿ ತಿಮ್ಮಪ್ಪಣ್ಣ. ಏನೋ ಕಂಡ್ರಂತೆ?"

"ನಿಮಗೀಗ ಕಣ್ಣು ಬೇಕಾ, ಕತೆ ಬೇಕಾ?"

"ಮೊದ್ಲು ಕಣ್ಣು."

ಅಕ್ಷರ ಬಾರದವರಿಗೆ ಅಲಿ ಬೇರೆ ಹಲಗೆ ಇಟ್ಟಿದ್ದ. ಅದರಲ್ಲಿ ಮೂರು ಹಲ್ಲಿನ ಗುರುತುಗಳು ಸಾಲು ಸಾಲಾಗಿ, ಕೆಳಕೆಳಗೆ ಸಣ್ಣದಾಗುತ್ತ, ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿರುತ್ತವೆ.

"ಹಲ್ಲು ಎತ್ತ ಕಡೀಗವೆ, ಹೇಳ್ರಿ."

"ಬಾಚಣಿಗೆ ಅಂಗಡೀನೂ ಇಟ್ಟೀರಾ ಸಾಬ್ರೆ?" ಎಂದ ದೊಡ್ಡತಿಮ್ಮಪ್ಪ ಉಸಿರು ತೆಗೆದುಕೊಳ್ಳದೆ ಶುರು ಮಾಡಿದ. "ಮ್ಯಾಲಕ್ಕೆ, ಎಡಕ್ಕೆ, ಕೆಳಕ್ಕೆ, ಕೆಳಕ್ಕೆ, ಬಲಕ್ಕೆ..." ಕೊನೆಯ ಸಾಲೂ ಮುಗಿಯಿತು. "ಅದರ ಕೆಳಗೆ ಇರುವೆ ಸಾಲು ಐತೆ. ಅದ್ನೂ ಹೇಳ್ಲಾ?"

ಅಲಿ ಎದ್ದು ಹೋಗಿ ಹಲಗೆಗೆ ಮೂಗು ತಾಗಿಸಿ ನೋಡಿದ. ಅದು ಹಲಗೆ ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ. ಇಷ್ಟು ವರ್ಷಗಳಲ್ಲಿ ಅಲ್ಲೊಂದು ವಿಳಾಸವಿದೆ ಎಂದು ಅವನಿಗೂ ತಿಳಿದಿರಲಿಲ್ಲ.

ಒಂದು ಕಣ್ಣು ಮುಚ್ಚಿಸಿದ. ಇನ್ನೊಂದು ಮುಚ್ಚಿಸಿದ. ಟಾರ್ಚು ಬಿಟ್ಟು ಪೊರೆ ಹುಡುಕಿದ, ಎಳೆಯಷ್ಟೂ ಇಲ್ಲ. ಕೊನೆಗೆ ಬಾಗಿಲಿಗೆ ಕರೆತಂದು ಕೋಟೆಯ ಬೆಟ್ಟ ತೋರಿಸಿದ. "ಅಲ್ಲೇನ್ ಕಾಣ್ತದೆ?"

"ಗೋಡೆ. ಗೋಡೆ ಮ್ಯಾಲೆ ಎಲ್ಡು ಮೇಕೆ. ಒಂದರ ಎಡಗೊಂಬು ಮುರಿದೈತೆ."

ಮಾಹೀರಾ ಮೊಬೈಲಿನ ಕ್ಯಾಮೆರಾ ಪೂರ್ತಿ ಎಳೆದು ನೋಡಿದಳು. ಅಪ್ಪನನ್ನು ಕರೆದು ಹೇಳಿದಳು. "ಅಬ್ಬಾ, ಮುರಿದಿದೆ."

"ಹತ್ರದ್ದೂ ನೋಡ್ರಿ ಸಾಬ್ರೆ," ಎಂದಳು ಚಂದ್ರಕ್ಕ. "ಮರಿ ಕಾಲಾಗಿನ ಮುಳ್ಳು ತೆಗೀ ಅಂದ್ರೆ ನನ್ನ ಬೆರಳಿಗೆ ಸೂಜಿ ಚುಚ್ತಾನೆ. ಚಾಳೀಸು ಬೇಕು, ಹಾಕ್ಕಳಾಕೆ ಜಂಬ."

"ಹತ್ರದ್ದು ಬ್ಯಾರೆ, ದೂರದ್ದು ಬ್ಯಾರೆ. ನಾನೇನ್ ಅಜ್ಜನ್ನ ತೊಡೆ ಮ್ಯಾಲೆ ಕೂರಿಸ್ಕಂಡು ನೋಡಿದ್ನಾ?"

ಅಲಿ ಪೆನ್ನು ಹಿಡಿದು ಕೂತ. ಕಾಗದದ ಮೇಲೆ ಏನು ಬರೆಯಬೇಕೆಂಬುದರಲ್ಲಿ ಸಂಶಯವಿರಲಿಲ್ಲ. ಬರೆದರೆ ತನ್ನ ಗತಿ ಏನೆಂಬುದರಲ್ಲಿತ್ತು. ಆದರೆ ಬೀಗದ ಕಾಲದಿಂದಲೂ ಆ ಮನೆಯವರು ಸರಿಯಿಲ್ಲದ್ದನ್ನು ಸರಿ ಎಂದು, ಸರಿಯಿದ್ದದ್ದನ್ನು ಕೆಟ್ಟಿದೆ ಎಂದು ಹೇಳಿದವರಲ್ಲ. 'ದೂರದೃಷ್ಟಿ: ಚೊಕ್ಕ. ಯಾವ ದೋಷವೂ ಇಲ್ಲ' ಎಂದು ಬರೆದು ಸೀಲು ಒತ್ತಿದ.

"ಹಂಗಾರೆ ಅಜ್ಜ ಐದಾನೆ ಅಂತ ಸಾಬ್ರೇ ಸೀಲ್ ಹೊಡೆದಂಗಾತು," ಎಂದ ಓಬಳೇಶ.

"ಕಣ್ಣಿಗೆ ಹೊಡೆದೆ. ಅಜ್ಜನಿಗಲ್ಲ."

"ಕಣ್ಣು ಚೊಕ್ಕ, ಅಜ್ಜ ಸುಳ್ಳು. ಹಂಗಾರೆ ನಮ್ಮ ಮಾವ ಸುಳ್ಳ ಅಂತೀರಾ?"

ದೊಡ್ಡತಿಮ್ಮಪ್ಪ ಸ್ಟೂಲಿನಿಂದ ಇಳಿದು ನೆಟ್ಟಗೆ ನಿಂತಿದ್ದ. ಸುಳ್ಳ ಎನ್ನಿಸಿಕೊಳ್ಳುವುದಕ್ಕಿಂತ ಕುರುಡ ಎನ್ನಿಸಿಕೊಂಡಿದ್ದರೆ ವಾಸಿಯಿತ್ತೆಂದು ಅವನ ಮುಖ ಹೇಳುತ್ತಿತ್ತು.

"ತಿಮ್ಮಪ್ಪಣ್ಣ," ಎಂದ ಅಲಿ, "ನಾಳೆ ಬೆಳಿಗ್ಗೆ ಅದೇ ಜಾಗಕ್ಕೆ ನನ್ನ ಕರ್ಕಂಡ್ ಹೋಗ್ರಿ. ನಾನೇ ನೋಡ್ತೀನಿ."

"ಬರ್ರಿ. ಆದ್ರೆ ಅಜ್ಜ ನಿಮ್ಮ ಅಂಗಡಿಯಂಗೆ ಹತ್ತು ಗಂಟೆಗೆ ಬಾಗ್ಲು ತೆಗಿಯಾಕಿಲ್ಲ. ಬೆಳಕು ಹರಿಯಾಕೆ ಮುಂಚೆ ಬರ್ಬೇಕು."

ಗುರುವಾರ ಸೋನೆಮಳೆ. ಅಲಿ ಸ್ಕೂಟರಿನಲ್ಲಿ ಮಗಳನ್ನು ಕೂರಿಸಿಕೊಂಡು ಬಂದ. ಓಬಳೇಶ ಬರಲಿಲ್ಲ, ಮರುದಿನ ಬರುವ ಕುರಿಗಳ ಲಸಿಕೆಯ ಮಾತಿಗೆಂದು ಡಾಕ್ಟರನ್ನು ಬರಹೇಳಿದ್ದ. ದೊಡ್ಡತಿಮ್ಮಪ್ಪ ಮನೆಯಿಂದ ಇನ್ನೊಂದು ಕಂಬಳಿ ತಂದು ಅಲಿಗೆ ತಾನೇ ಕೊಪ್ಪೆ ಹಾಕಿದ. ಸಂತೆಪೇಟೆಯ ಸಂದೇಹವಾದಿ ಕೊಪ್ಪೆ ಹಾಕಿಕೊಂಡು, ನಿಮಿಷಕ್ಕೊಮ್ಮೆ ಕನ್ನಡಕ ಒರೆಸುತ್ತ, ಹಳ್ಳದ ಈಚೆ ದಡದ ಬಂಡೆಯ ಮೇಲೆ ಕೂತ. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಮಂಜಿನಲ್ಲಿ ಮುಳುಗಿ, ರೆಕ್ಕೆಯ ಸುಯ್ಯೆಂಬ ಸದ್ದು ಮಾತ್ರ ಬರುತ್ತಿತ್ತು.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಹಳ್ಳದಾಚೆ, ಹುತ್ತದ ಪಕ್ಕ, ಮಂಜು ಒಂದಿಷ್ಟು ಸರಿಯಿತು.

ನಿಂತಿದ್ದ.

ಕಪ್ಪು ಕೊಪ್ಪೆ ನೆತ್ತಿಯಿಂದ ಮೊಣಕಾಲಿನವರೆಗೆ ಇಳಿದಿತ್ತು. ಎದೆಯ ಮೇಲೆ ಕಂಬಳಿಯ ಬಿಳಿ ಅಂಚು ಎರಡು ಕಡೆಯಿಂದ ಬಂದು ಕೂಡಿತ್ತು. ಬಿಳಿಚಿದ ಮುಖ, ಮುದುಕರದು. ಹೆಗಲ ಮೇಲೆ ಸಣ್ಣದೊಂದು ಜೀವ ಅವುಚಿಕೊಂಡಿತ್ತು. ತಲೆಯನ್ನು ನಿಧಾನಕ್ಕೆ ಈ ಕಡೆ ತಿರುಗಿಸಿದ.

ಅಲಿ ಎದ್ದು ನಿಂತ. ಕಾಲುಗಳು ತಾವಾಗಿಯೇ ಚಪ್ಪಲಿಯಿಂದ ಹೊರಬಂದವು. ಎರಡೂ ಕೈ ಎದೆಗೆ ಬಂದವು. ಅವನ ತುಟಿ ದೇವರ ಹೆಸರು ಹೇಳುತ್ತಿತ್ತು. ಮೂವತ್ತೆರಡು ವರ್ಷದ ವಾದ ಒದ್ದೆ ಬಂಡೆಯ ಮೇಲೆ ಚಪ್ಪಲಿಗಳ ಪಕ್ಕದಲ್ಲಿ ಬಿದ್ದಿತ್ತು.

"ಕಂಡ್ರಾ?" ದೊಡ್ಡತಿಮ್ಮಪ್ಪ ಪಿಸುಗುಟ್ಟಿದ. ಅವನ ದನಿಯಲ್ಲಿ ಗೆದ್ದ ಸಂತೋಷ ತುಂಬಿತ್ತು.

"ಕಂಡೆ ತಿಮ್ಮಪ್ಪಣ್ಣ. ಅದೇ. ಮರಿ ಕುತ್ತಿಗೇಲಿ ಕೆಂಪು ದಾರ ಕೂಡ ಐತೆ."

"ಕೆಂಪು ದಾರನಾ? ದಾರ ಎಲ್ಲೈತೆ?"

"ಅರೆ, ಕಾಣ್ತಾ ಇದೆಯಲ್ಲ. ಗಂಟು ಬಲಗಡೆಗೈತೆ."

"ದಾರ ಇಲ್ಲ ಸಾಬ್ರೆ. ಕೈಯಾಗೆ ಕೋಲು ನೋಡ್ರಿ."

"ಕೋಲಾ? ಕೋಲೆಲ್ಲಿದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರೂ ಮತ್ತೆ ಹಳ್ಳದಾಚೆ ನೋಡಿದರು.

"ಅಬ್ಬಾ, ಕರಡಿ," ಎಂದಳು ಮಾಹೀರಾ ಅಪ್ಪನಿಗೆ. ಅವಳ ದನಿಯಲ್ಲಿ ವಿಶೇಷವೇನೂ ಇರಲಿಲ್ಲ; ಬಸ್ಸು ಬಂತು ಎನ್ನುವವರ ದನಿ. "ತಾಯಿ ಕರಡಿ. ಮರಿ ಬೆನ್ನ ಮೇಲೆ ಕೂತಿದೆ. ಆಗಿಂದ ನೋಡ್ತಾ ಇದೀನಿ, ನೀವಿಬ್ರೂ ಏನ್ ಮಾತಾಡ್ತಿದೀರಾ?"

ಆಚೆ ದಡದ ಅಜ್ಜ ಆಗ ನಾಲ್ಕು ಕಾಲಿಗಿಳಿದ. ಹುತ್ತಕ್ಕೆ ಮೂತಿಯಿಟ್ಟು ಬುಸ್ಸೆಂದು ಊದಿದ, ಉಗುರು ಹಾಕಿ ಬಗೆದ. ಕೊಪ್ಪೆ ಹೋಗಿ ಕೂದಲಾಯಿತು; ಬಿಳಿ ಅಂಚು ಹೋಗಿ ಕರಡಿಯ ಎದೆಯ ಬಿಳಿ ಪಟ್ಟೆಯಾಯಿತು; ಮುದುಕನ ಮುಖ ಹೋಗಿ ನಸುಬಿಳಿ ಮೂತಿಯಾಯಿತು. ಹೆಗಲ ಮರಿ ಮಾತ್ರ ಮರಿಯಾಗಿಯೇ ಉಳಿಯಿತು. ಬೆನ್ನಿನ ಕೂದಲು ಹಿಡಿದು, ಈ ಕಡೆ ನೋಡಿ, ಆಕಳಿಸಿತು. ಕುತ್ತಿಗೆಯಲ್ಲಿ ದಾರವಿರಲಿಲ್ಲ.

ತಾಯಿಮರಿ ಮಂಜಿನೊಳಗೆ ಹೋದ ಮೇಲೆ ಅಲಿ ಮಾತಾಡಿದ. "ನಮ್ಮಮ್ಮ ಮಹಮೂದಾ ಹೇಳ್ತಿದ್ರು. ತಾಬಿಶ್ ಊಟ ಮಾಡ್ಲಿಲ್ಲ ಅಂದ್ರೆ, ನಾನು ಊಟ ಮಾಡ್ಲಿಲ್ಲ ಅಂದ್ರೆ, ಕೊಪ್ಪೆಜ್ಜ ಬರ್ತಾನೆ, ಅವನ ಮರಿ ಕುತ್ತಿಗೇಲಿ ಕೆಂಪು ದಾರ ಇರ್ತದೆ ಅಂತ. ತಾಬಿಶ್ ನನ್ನ ತಮ್ಮ. ಐವತ್ತು ವರ್ಷ ಆಯ್ತು ತಿಮ್ಮಪ್ಪಣ್ಣ. ಗಂಟು ಬಲಗಡೆ ಅಂತಾನೂ ಅವರೇ ಹೇಳಿದ್ದು."

"ನಮ್ಮಪ್ಪ ಕೋಲು ಅಂತ ಹೇಳ್ತಿದ್ದ," ಎಂದ ದೊಡ್ಡತಿಮ್ಮಪ್ಪ. "ಕುರಿಗಾರ ಕೋಲಿಲ್ದೆ ನಿಂತಿರ್ತಾನೇನಲೇ, ಅಂತಿದ್ದ." ಆಮೇಲೆ ತನಗೇ ಹೇಳಿಕೊಂಡ. "ಕರಡಿ ನಾನೆಷ್ಟು ನೋಡಿಲ್ಲ. ಓಡೋ ಕರಡಿ, ಹಣ್ಣು ತಿನ್ನೋ ಕರಡಿ. ಮಳೆಯಾಗೆ ಮರಿ ಹೊತ್ಕಂಡು ಎದ್ದು ನಿಂತಿದ್ದು ನೋಡಿರ್ಲಿಲ್ಲ. ನಿಂತಿದ್ದು ನೋಡಿದ್ ಕೂಡ್ಲೆ ಕಂಬಳಿ ನಾನೇ ಹೊಚ್ಚಿಬಿಟ್ನಲ್ಲ."

ಅಲಿ ಚಪ್ಪಲಿ ಹಾಕಿಕೊಂಡ. ಆತ್ಮಗೌರವ ಕಾಲಿಗೆ ತಿರುಗಿ ಬಂದ ಮೇಲೆ ಅವನ ತಲೆ ಓಡತೊಡಗಿತು. "ನೋಡ್ರಿ, ನಾವು ಏನೂ ಕಾಣ್ಲಿಲ್ಲ ಅಂದ್ರಾಯ್ತು. ಮಂಜಿತ್ತು. ಕಾಗದ ನಾನು ಬರ್ಕೊಟ್ಟಾಗಿದೆ, ಕಣ್ಣು ಚೊಕ್ಕ ಅಂತ. ನಾಳೆ ಕೋಲು ನಿಮ್ದೇ. ನೀವು ಕರಡಿ ಅಂತ ಹೇಳಿದ್ರೋ, ಓಬಳೇಶ ಬಿಡ್ತಾನಾ? ಮನುಷ್ಯ ಯಾವ್ದು ಕರಡಿ ಯಾವ್ದು ತಿಳೀದ ಕಣ್ಣು ಅಂತಾನೆ."

"ನಿಮ್ಮ ಚಪ್ಲಿ ವಿಷ್ಯಾನೂ ಹೊರಗೆ ಬರಾಕಿಲ್ಲ, ಅಲ್ವಾ?"

"ಅದೂ ಇದೆ," ಎಂದ ಅಲಿ. ಸುಳ್ಳು ಹೇಳಲಾರದ ಮನೆತನ.

ದೊಡ್ಡತಿಮ್ಮಪ್ಪ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿದ. "ನಿಮ್ಮ ಮರ್ಯಾದೆ ನೀವು ನೋಡ್ಕಳ್ರಿ. ನಂದು ನಾನು ಸಂಜೆಗೆ ಕಟ್ಟೆ ಮ್ಯಾಲೆ ನೋಡ್ಕಂತೀನಿ. ಇಳಿಯಾಣ, ನಡೀರಿ."

ಸಂಜೆ ಇನ್ನೂ ಬೆಳಕಿರುವಾಗಲೇ ಹಟ್ಟಿ ನೆರೆಯಿತು. ಅಲಿ ಮನೆಗೆ ಹೋಗಬಹುದಿತ್ತು, ಹೋಗಿರಲಿಲ್ಲ. ಚಂದ್ರಕ್ಕ ಕೊಟ್ಟ ಚಹಾ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದ. ದೊಡ್ಡತಿಮ್ಮಪ್ಪ ಮುಖ ತೊಳೆದು, ಬಿದಿರ ಕೋಲು ಹಿಡಿದು, ಕಟ್ಟೆ ಹತ್ತಿದ.

"ಇವತ್ತು ನೋಡಿದ್ದು ಕರಡಿ. ಮರಿ ಹೊತ್ತಿದ್ದ ತಾಯಿ ಕರಡಿ. ಹೋದ ವಾರ ನಾ ಕಂಡಿದ್ದೂ ಅದೇಯ. ಕೊಪ್ಪೆಜ್ಜ ಅಂದಿದ್ದು ನನ್ನ ತಪ್ಪು."

ಕಟ್ಟೆಯ ಮೇಲೆ ನಿಂತು 'ಕಂಡೆ' ಎಂದವರನ್ನು ಹಟ್ಟಿ ನೋಡಿತ್ತು. 'ಕಾಣಲಿಲ್ಲ' ಎಂದು ಮತ್ತೆ ಹತ್ತಿದವರನ್ನು ನೋಡಿರಲಿಲ್ಲ.

ಓಬಳೇಶ ಕೆಟ್ಟವನಲ್ಲ, ಆದರೆ ಕಾರ್ಯದರ್ಶಿ. "ಹಂಗಾದ್ರೆ ಮಾವ, ನಾ ಹೇಳಿದ್ದೇ ಆತಲ್ಲ. ಕರಡೀನ ಮನುಷ್ಯ ಅಂದ ಕಣ್ಣು, ಕಾಳಕ್ಕನ ಕುರೀನ ನನ್ನದು ಅನ್ನಾಕಿಲ್ವಾ?"

"ಅಂದ್ರೂ ಅಂದೀತು." ದೊಡ್ಡತಿಮ್ಮಪ್ಪ ಬಗ್ಗಿ ಕೋಲನ್ನು ಕಟ್ಟೆಯ ಕಲ್ಲಿನ ಮೇಲೆ ಮಲಗಿಸಿದ. ಎಸೆಯಲಿಲ್ಲ, ಮಗುವನ್ನು ಮಲಗಿಸುವಂತೆ ಮಲಗಿಸಿದ. ಬೆನ್ನು ಮಾತ್ರ ನೆಟ್ಟಗೆ ಮಾಡಿಕೊಂಡೇ ಎದ್ದ. "ಅದ್ಕೇ ಹೇಳ್ತಿರೋದು. ನಿಮ್ಮ ಕುರಿ, ನೀವೇ ನೋಡ್ಕಳ್ರಿ."

ಆಗ ಬೇವಿನ ಮರದ ಕೆಳಗಿನಿಂದ ಅಲಿ ಮುಂದೆ ಬಂದ. ಚಹಾದ ಲೋಟ ಕೈಯಲ್ಲೇ ಇತ್ತು.

"ನಾನೂ ಒಂದು ಮಾತು ಹೇಳ್ತೀನಿ. ನಾನೂ ಅಜ್ಜನ್ನ ಕಂಡೆ. ಹೊಸ ಗಾಜಿನ ಕನ್ನಡಕ ಹಾಕ್ಕಂಡೇ ಕಂಡೆ. ಚಪ್ಲಿ ಬಿಟ್ಟು ಕೈಯನ್ನೂ ಕಟ್ದೆ. ಮರಿ ಕುತ್ತಿಗೇಲಿ ಇಲ್ಲದ ಕೆಂಪು ದಾರ ಕಂಡೆ, ದಾರದ ಗಂಟೂ ಕಂಡೆ. ಇದು ಕಣ್ಣಿನ ದೋಷ ಅಲ್ಲ ಸ್ವಾಮಿ. ಕಣ್ಣು ಅರ್ಧ ತರ್ತದೆ. ಉಳಿದರ್ಧ ನಮ್ಮಮ್ಮ, ನಿಮ್ಮಪ್ಪ ತುಂಬಿಟ್ಟಿರೋದು. ಮೂವತ್ತೆರಡು ವರ್ಷ ನಾನು ಬರೀ ಕಣ್ಣು ನೋಡ್ದೆ. ಆ ಅರ್ಧಕ್ಕೆ ನನ್ನ ಅಂಗಡೀಲಿ ಗಾಜಿಲ್ಲ."

ಯಾರೋ ನಕ್ಕರು. ನಗು ಅರ್ಧಕ್ಕೆ ನಿಂತಿತು, ಏಕೆಂದರೆ ಕಾಳಕ್ಕ ಎದ್ದಿದ್ದಳು. ಕಾಳಕ್ಕ ಹಟ್ಟಿಯ ಹಿರಿಯಳು. ಕುರಿ ಇರುವುದು ಎಲ್ಲರಿಗಿಂತ ಕಡಿಮೆ. ಒಂದು ತಪ್ಪಿದರೂ ಹೆಚ್ಚು ನೋಯುವವಳು ಅವಳೇ.

"ಓಬಳ, ಗುಡ್ಡದಾಗೆ ಏನ್ ಕಂಡ್ರು ಅಂತ ನೋಡಾಕೆ ನೀನ್ ಹೋಗಿದ್ದೇನು?"

"ಇಲ್ಲಕ್ಕ, ಲಸಿಕೆ..."

"ಇವ್ನು ಬಾಯಿ ಮುಚ್ಕಂಡಿದ್ರೆ ನಿಂಗೆ ಗೊತ್ತಾಗ್ತಿತ್ತೇನು?"

"ಇಲ್ಲ."

"ಯಾರೂ ಹಿಡಿಯಾಕಾಗದ ತಪ್ಪನ್ನ ತಾನೇ ಹಿಡ್ಕಂಡು ಬಂದವ್ನು, ನನ್ನ ಕುರಿ ವಿಷ್ಯದಾಗೆ ಸುಳ್ಳಾಡ್ತಾನಾ? ನನ್ನವು ಇವ್ನೇ ಬಿಡಿಸ್ಲಿ. ನೀನು ಹಿಂದೆ ನಿಂತು ಬಿಲ್ಲೆ ನೋಡು, ಬ್ಯಾಡ ಅನ್ನಾಕಿಲ್ಲ. ಏ ತಿಮ್ಮಪ್ಪ, ಎತ್ಕ ಕೋಲು. ಕಲ್ಲಿನ ಮ್ಯಾಲೆ ಇಟ್ರೆ ಗೆದ್ಲು ಹತ್ತೀತು."

ಶುಕ್ರವಾರ ಮಧ್ಯಾಹ್ನ ಮಂದೆ ಬಂತು. ಅಷ್ಟರಲ್ಲಿ ಸುದ್ದಿ ಸಂತೆಪೇಟೆಗೆ ತಲುಪಿತ್ತು, ಆದರೆ ದಾರಿಯಲ್ಲಿ ಕರಡಿಯನ್ನು ಕಳೆದುಕೊಂಡಿತ್ತು. ಅಂಗಡಿಯ ಮುಂದೆ ಜನ ಸೇರಿ, ಹಜರತ್ ಅಲಿಯಂಥವನೇ ಚಪ್ಪಲಿ ಬಿಟ್ಟ ಮೇಲೆ ಅಜ್ಜ ಇರುವುದು ನಿಜ ಎಂದು ಚಪ್ಪಲಿಗಳನ್ನು ನೋಡಲು ಬರುತ್ತಿದ್ದರು. ಹೊಳಲ್ಕೆರೆಯಿಂದ ಬಂದವನೊಬ್ಬ ಅಜ್ಜನ ಎಡಗಾಲು ಕುಂಟಿತ್ತೋ ಇಲ್ಲವೋ ಅಷ್ಟು ಹೇಳಿ ಎಂದು ಪಟ್ಟು ಹಿಡಿದಿದ್ದ. ಅಲಿ ಅಂಗಡಿಯನ್ನು ಮಗಳಿಗೆ ಬಿಟ್ಟು, ಹಳೆಯ ಬೂಟು ಹಾಕಿಕೊಂಡು ಹಟ್ಟಿಗೆ ಓಡಿಬಂದಿದ್ದ.

ಬೇಲಿಯ ಕಿಂಡಿಯ ಬಳಿ ದೊಡ್ಡತಿಮ್ಮಪ್ಪ ನಿಂತ. ಎರಡು ಹೆಜ್ಜೆ ಹಿಂದೆ ಓಬಳೇಶ, ಕೈಯಲ್ಲಿ ಮೊಬೈಲು. ಕುರಿಗಳು ದಾಟತೊಡಗಿದವು. ಕೋಲು ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ಹೆಸರಿನ ಮೇಲೆ ಹೆಸರು. ಓಬಳೇಶ ಒಂದೊಂದಕ್ಕೂ ಕಿವಿ ಹಿಡಿದು ನಂಬರು ನೋಡುತ್ತಿದ್ದ. ಮೊದಲು ಜೋರಾಗಿ 'ಸರಿ' ಎನ್ನುತ್ತಿದ್ದವನು, ನೂರು ದಾಟಿದ ಮೇಲೆ ತಲೆಯಾಡಿಸುತ್ತಿದ್ದ. ಇನ್ನೂರು ದಾಟಿದ ಮೇಲೆ ಕಿವಿ ಹಿಡಿಯುವುದನ್ನೂ ಬಿಟ್ಟು ಮಾವನ ಕೋಲನ್ನು ನೋಡುತ್ತ ನಿಂತ. ದಾರಿಯಲ್ಲಿ ಹುಟ್ಟಿದ ಮರಿಗಳು ತಾಯಿಯ ಹಿಂದೆ ತಾವೇ ಹೋದವು. ಅಲಿ ಎಣಿಸಲು ಶುರು ಮಾಡಿ, ಚಂದ್ರಕ್ಕನ ಕಣ್ಣು ನೋಡಿ ನಿಲ್ಲಿಸಿದ.

ಕೊನೆಯ ಐದಾರು ಉಳಿದಾಗ ಬಿಳಿ ಮುಖದ ಕರಿಕುರಿಯೊಂದು ಕಿಂಡಿಯಲ್ಲಿ ನಿಂತಿತು. ಮುಳ್ಳಿಗೆ ಸಿಕ್ಕಿ ಒಂದು ಕಿವಿ ಹರಿದಿತ್ತು. ಮುಖದ ಒಂದು ಪಕ್ಕ ಗಾಯ ಮಾಗಿ ಉಬ್ಬಿತ್ತು. ಕೋಲು ಮೇಲೆದ್ದಿತು. ಅಲ್ಲೇ ನಿಂತಿತು.

ದೊಡ್ಡತಿಮ್ಮಪ್ಪ ಬಗ್ಗಿ ನೋಡಿದ. ಸುತ್ತಿ ಬಂದು ನೋಡಿದ. ಕುರಿಯೂ ಅವನನ್ನು ನೋಡಿತು.

"ಕಾಳಕ್ಕನ್ದಿರ್ಬೇಕು. ಇಲ್ಲ, ಓಬಳನ್ದು." ಕೋಲು ಇಳಿಸಿದ. ಹಟ್ಟಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಗೊತ್ತಿಲ್ಲ."

ನಲವತ್ತು ವರ್ಷಗಳಲ್ಲಿ ಆ ಕಿಂಡಿಯ ಬಳಿ ಆ ಮಾತು ಕೇಳಿಬಂದಿರಲಿಲ್ಲ. ಅದನ್ನು ಅವನು ತಲೆ ತಗ್ಗಿಸಿ ಹೇಳಲಿಲ್ಲ. ಉಳಿದ ಹೆಸರುಗಳನ್ನು ಹೇಳಿದ ದನಿಯಲ್ಲೇ, ಅದೂ ಒಂದು ಮನೆಯ ಹೆಸರೇನೋ ಎಂಬಂತೆ ಹೇಳಿದ.

ಎಲ್ಲರೂ ಓಬಳೇಶನನ್ನು ನೋಡಿದರು. ಅವನಿಗೆ ಬೇಕಾಗಿದ್ದ ಗಳಿಗೆ ಇದೇ. ಅವನು ಹರಿದ ಕಿವಿಯನ್ನು ನೋಡಿದ, ಕೈಯಲ್ಲಿದ್ದ ಮೊಬೈಲನ್ನು ನೋಡಿದ. "ಬಿಲ್ಲೆ ಕಿತ್ತೋಗೈತೆ ಮಾವ. ನಂಗೂ ಗೊತ್ತಿಲ್ಲ. ಏನ್ ಮಾಡಾಣ?"

"ಅದ್ನೇ ಕೇಳಾಣ ಬಾ."

ಕಾಳಕ್ಕನ ಕುರಿರೊಪ್ಪ, ಓಬಳೇಶನ ಕುರಿರೊಪ್ಪ, ಎರಡಕ್ಕೂ ದಾರಿ ಒಡೆಯುವಲ್ಲಿ ಒಂದು ಹುಣಸೆಮರವಿದೆ. ಕುರಿಯನ್ನು ಅದರ ಬುಡಕ್ಕೆ ತಂದು ಬಿಟ್ಟು, ಎಲ್ಲರೂ ಹಿಂದೆ ಸರಿದರು. ಕುರಿ ಹುಲ್ಲು ತಿಂದಿತು. ಓಬಳೇಶನ ದಾರಿಯಲ್ಲಿ ಹತ್ತು ಹೆಜ್ಜೆ ಹೋಯಿತು. ಅಲಿ ಕನ್ನಡಕ ಒರೆಸಿಕೊಂಡ. ಕುರಿ ನಿಂತಿತು, ತಲೆಯೆತ್ತಿ ಗಾಳಿ ಮೂಸಿತು, ತಿರುಗಿತು. ಆಮೇಲೆ ಅವಸರವಿಲ್ಲದೆ ಕಾಳಕ್ಕನ ರೊಪ್ಪದವರೆಗೆ ನಡೆದು, ಮುಚ್ಚಿದ ಬಾಗಿಲಿಗೆ ಹಣೆಯಿಂದ ಗುದ್ದಿತು, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂಬಂತೆ.

ಬಾಗಿಲು ತೆಗೆಯಲು ಎಲ್ಲರಿಗಿಂತ ಮೊದಲು ಹೋದವನು ಓಬಳೇಶ.

ಹಟ್ಟಿ ಚದುರಿತು. ಅಲಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ದೊಡ್ಡತಿಮ್ಮಪ್ಪನಿಗೆ ಕೊಟ್ಟ. ಒಳಗೆ ಚಾಳೀಸು.

"ಮುಳ್ಳಿಗೆ ಮಾತ್ರ," ಎಂದ ದೊಡ್ಡತಿಮ್ಮಪ್ಪ.

"ಮುಳ್ಳಿಗೆ ಮಾತ್ರ," ಎಂದ ಅಲಿ.

ಚಂದ್ರಕ್ಕ ಬಾಗಿಲಲ್ಲಿ ನಿಂತು ಕೋಲಿಗೆ ಕೈಚಾಚಿದಳು. "ಕೊಡು ಇಲ್ಲಿ. ಅಟ್ಟಕ್ಕೆ ಹಾಕ್ಲಾ?"

"ಅಟ್ಟಕ್ಕೆ ಯಾಕೆ? ಬಾಗ್ಲ ಸಂದಿಗೆ ಒರಗಿಸಿಡು. ಮುಂದಿನ ವರ್ಷಕ್ಕೆ ಬೇಕು."